ವಾಲ್ವ್ ರೇಡಿಯೊ ಪೆಟ್ಟಿಗೆಗೆ ಪಾಲಿಶ್: ಉಪ್ಪು ಕಾಗದ ದೂರ ಇಡಿ

ಅಟ್ಟದಿಂದ ತಾತನ ಕಾಲದ, ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ರೇಡಿಯೊ ಇಳಿಸಿದ್ದೀರಿ. ಹಾಡದಿದ್ದರೂ ಪರವಾಗಿಲ್ಲ, ಹಾಲ್‌ನಲ್ಲಿ ಚೆಂದ ಕಂಡರೆ ಸಾಕು. ಉಪ್ಪು ಕಾಗದದಲ್ಲಿ ಚೆನ್ನಾಗಿ ಉಜ್ಜಿ ವಾರ್ನಿಷ್ ಹೊಡೆದರೆ ಮುಗೀತು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಹತ್ತು ನಿಮಿಷ ಉಜ್ಜುವಷ್ಟರಲ್ಲಿ ಒಂದು ಮೂಲೆಯಲ್ಲಿ ಬಿಳಿಚಿಕೊಂಡ ಪ್ಲೈವುಡ್ ಇಣುಕಿತು. ಆ ಮೂಲೆ ಇವತ್ತಿಗೂ ಗೋಡೆ ಕಡೆ ತಿರುಗಿಕೊಂಡಿದೆ.

1950–60ರ ದಶಕದ ಎಷ್ಟೋ ರೇಡಿಯೊ ಪೆಟ್ಟಿಗೆಗಳು ಗಟ್ಟಿ ತೇಗ, ಬೀಟೆಯವಲ್ಲ. ಪ್ಲೈವುಡ್ ಮೇಲೆ ಒಂದು ಮಿಲಿಮೀಟರ್‌ಗಿಂತ ತೆಳುವಾದ ಮರದ ಪದರ, ಅಂದರೆ ವೆನಿಯರ್, ಅಂಟಿಸಿರುತ್ತಾರೆ. ಅಂಚಿನ ಗಾಢ ಕಂದು ಬಣ್ಣ ಕೂಡ ಅನೇಕ ಸಲ ಮರದ್ದಲ್ಲ, ಮೇಲಿನ ಪಾಲಿಶ್‌ನಲ್ಲೇ ಬೆರೆಸಿದ್ದು. ಉಜ್ಜಿದರೆ ಅದೇ ಮೊದಲು ಹೋಗುತ್ತದೆ.

ಬಿಚ್ಚುವುದು

ಪ್ಲಗ್ ಕಿತ್ತಿಡಿ. ಹಾಗಂತ ತಕ್ಷಣ ಒಳಗೆ ಕೈ ಹಾಕಬೇಡಿ. ಕರೆಂಟ್ ಹಿಡಿದಿಡುವ ಬಿಡಿಭಾಗಗಳಾದ ಕೆಪಾಸಿಟರ್‌ಗಳಲ್ಲಿ ಅದು ಇನ್ನೂ ಉಳಿದಿರಬಹುದು. ರೇಡಿಯೊದ ಒಳಗೆ ಕೈಯಾಡಿಸಿ ಗೊತ್ತಿಲ್ಲದಿದ್ದರೆ ರಿಪೇರಿಯವರಿಂದಲೇ ಚಾಸಿಸ್ (ಬಿಡಿಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆ) ಹೊರಗೆ ತೆಗೆಸಿ. ಹೆಚ್ಚಿನ ಸೆಟ್‌ಗಳಲ್ಲಿ ಎದುರಿನ ನಾಬ್‌ಗಳನ್ನು ಎಳೆದು, ತಳದ ಸ್ಕ್ರೂ ಬಿಚ್ಚಿದರೆ ಚಾಸಿಸ್ ಹಿಂದಕ್ಕೆ ಜಾರುತ್ತದೆ. ಒಂದೊಂದು ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ಡಯಲ್ ಗಾಜು ಕೈಗೆ ಬಂದರೆ ಅದರ ಹಿಂಬದಿ ಮುಟ್ಟಲೇಬೇಡಿ. ಸ್ಟೇಷನ್ ಹೆಸರು, 25 ಮೀಟರ್, 31 ಮೀಟರ್ ಎಂಬ ಶಾರ್ಟ್‌ವೇವ್ ಅಂಕಿಗಳು ಅಲ್ಲೇ ಅಚ್ಚಾಗಿರುತ್ತವೆ. ಸ್ಪಿರಿಟ್ ಬಿಡಿ, ಒದ್ದೆ ಬಟ್ಟೆ ತಾಗಿದರೂ ಅಕ್ಷರ ಎದ್ದು ಬರಬಹುದು.

ತೊಳೆಯುವುದಲ್ಲ, ಒರೆಸುವುದು

ಮೊದಲು ಬ್ರಷ್‌ನಿಂದ ಧೂಳು ತೆಗೆಯಿರಿ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಒಂದೊಂದೇ ಕಡೆ ಒರೆಸಿ. ಕೂಡಲೇ ಒಣ ಬಟ್ಟೆ ಆಡಿಸಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ನೀವು ಕಪ್ಪು ಪಾಲಿಶ್ ಅಂದುಕೊಂಡಿದ್ದು ಅಡುಗೆಮನೆ ಹೊಗೆ ಆಗಿರಬಹುದು!

ಈಗ ಉಗುರಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ವೆನಿಯರ್ ಅಂಟು ಬಿಟ್ಟಿದೆ ಎಂದರ್ಥ. ಸಿರಿಂಜ್‌ನಲ್ಲಿ ಸ್ವಲ್ಪ ನೀರು ಬೆರೆಸಿದ ಫೆವಿಕಾಲ್ ಒಳಗೆ ಬಿಡಿ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಲಗೆ, ಅದರ ಮೇಲೆ ಒಂದು ಭಾರ ಇಟ್ಟು ರಾತ್ರಿಯಿಡೀ ಬಿಡಿ. ನಮ್ಮ ಮನೆಯಲ್ಲಿ ಆ ಭಾರ ರುಬ್ಬುವ ಗುಂಡು.

ಹಳೇ ಪಾಲಿಶ್ ಯಾವುದು?

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಪೆಟ್ಟಿಗೆಯ ತಳದ ಹತ್ತಿರ, ಯಾರೂ ನೋಡದ ಕಡೆ, ಇಯರ್ ಬಡ್‌ನಲ್ಲಿ ಒಂದು ತೊಟ್ಟು ಪಾಲಿಶ್ ಸ್ಪಿರಿಟ್ ಹಚ್ಚಿ ಬೆರಳು ಇಡಿ. ಅಂಟು ಅಂಟಾಯಿತೆ? ಅದು ಅರಗಿನ ಪಾಲಿಶ್. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಇದೇ ಅರಗು. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಕರಗಿದರೆ ಅದು ನೈಟ್ರೋಸೆಲ್ಯುಲೋಸ್‌ನಿಂದ ಮಾಡಿದ ಪಾಲಿಶ್, ಅಂದರೆ ಲ್ಯಾಕರ್. ಯಾವುದಕ್ಕೂ ಬಗ್ಗದಿದ್ದರೆ ನಡುವೆ ಯಾರೋ ಹೊಸ ವಾರ್ನಿಷ್ ಬಳಿದಿದ್ದಾರೆ.

ಅರಗು, ಲ್ಯಾಕರ್ ಎರಡರ ಒಳ್ಳೆಯ ಗುಣವೆಂದರೆ ಕರಗಿಸಿದರೆ ಮತ್ತೆ ಕೂಡಿಕೊಳ್ಳುತ್ತವೆ. ಕೂದಲೆಳೆ ಬಿರುಕು ಬಿಟ್ಟಿದ್ದರೆ ಆಯಾ ದ್ರವವನ್ನೇ ಮೆತ್ತನೆ ಬ್ರಷ್‌ನಲ್ಲಿ ತೆಳುವಾಗಿ ಎಳೆಯಿರಿ. ಕಾಫಿ ಲೋಟದ ಬಿಳಿ ಉಂಗುರ ಪಾಲಿಶ್‌ನಲ್ಲಿ ಸಿಕ್ಕಿಕೊಂಡ ತೇವ. ಅರಗಿನ ಪಾಲಿಶ್ ಆಗಿದ್ದರೆ, ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಗಾಳಿ ಬೀಸಿದ ಹಾಗೆ ಮೇಲಿಂದ ಸವರಿದರೆ ಸಾಮಾನ್ಯವಾಗಿ ಹೋಗುತ್ತದೆ. ಕಪ್ಪು ಕಲೆಯಾದರೆ ನೀರು ಮರಕ್ಕೇ ಇಳಿದಿದೆ. ನಾನಾದರೆ ಅದನ್ನು ಹಾಗೇ ಬಿಡುತ್ತೇನೆ.

ಹೊಸ ಅರಗು

100 ಮಿಲಿ ಸ್ಪಿರಿಟ್‌ಗೆ 12 ಗ್ರಾಂ ಅರಗಿನ ಚಕ್ಕೆ. ಗಾಜಿನ ಬಾಟಲಿಯಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬ ಬೇಡ, ಅರಗು ಕಪ್ಪಾಗುತ್ತದೆ. ಬೇಕಾದಷ್ಟೇ ಕಲಸಿ. ಹಳಸಿದ ದ್ರಾವಣ ಒಣಗುವುದೇ ಇಲ್ಲ.

ಹತ್ತಿಯನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಹಳೇ ಪಂಚೆ ತುಂಡಿನಲ್ಲಿ ಕಟ್ಟಿ. ತಳದಲ್ಲಿ ಒಂದು ಸುಕ್ಕೂ ಇರಬಾರದು. ಅರಗನ್ನು ಹತ್ತಿಗೆ ಕುಡಿಸಿ, ಕಾಗದಕ್ಕೆ ಒತ್ತಿ ನೋಡಿ. ತೊಟ್ಟಿಕ್ಕಿದರೆ ಜಾಸ್ತಿಯಾಯಿತು. ಇನ್ನು ಮರದ ಎಳೆಗುಂಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆಯಿರಿ. ಮಧ್ಯದಲ್ಲಿ ಕೈ ನಿಂತರೆ ಗುರುತು ಉಳಿಯುತ್ತದೆ. ಒಂದು ಜಾಗ ಬಿಟ್ಟುಹೋಯಿತೆಂದು ಆಗಲೇ ಹಿಂದಕ್ಕೆ ಹೋಗಬೇಡಿ. ಅರ್ಧ ಬೆಂದ ದೋಸೆ ಮೇಲೆ ಸೌಟು ಆಡಿಸಿದರೆ ಏನಾಗುತ್ತದೆ? ಇಲ್ಲೂ ಅದೇ, ಕಿತ್ತುಬರುತ್ತದೆ.

ಒಂದೊಂದು ಕೈಗೂ ಹದಿನೈದು ನಿಮಿಷ ಬಿಡುವು ಕೊಡಿ. ದಿನಕ್ಕೆ ನಾಲ್ಕೈದು ಕೈ ಸಾಕು. ಎರಡನೇ ದಿನ ಒಂದಿಷ್ಟು ಹೊಳಪು ಕಾಣಿಸುತ್ತದೆ, ಮೂರನೇ ದಿನ ನಿಮ್ಮ ಮುಖ. ಮಳೆಗಾಲದಲ್ಲಿ ಮಾತ್ರ ಈ ಕೆಲಸ ಬೇಡ. ಗಾಳಿಯ ತೇವಕ್ಕೆ ಅರಗು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕಿಟಕಿ ತೆರೆದಿರಲಿ. ದೇವರ ದೀಪ, ಒಲೆ ಯಾವುದೂ ಹತ್ತಿರ ಇರಕೂಡದು. ಸ್ಪಿರಿಟ್ ಆವಿಗೆ ಒಂದು ಕಿಡಿ ಸಾಕು.

ಮತ್ತೆ ಜೋಡಿಸುವಾಗ

ಒಂದು ವಾರ ಹಾಗೇ ಒಣಗಲಿ. ನಾಬ್ ಹಾಕುವ ಮೊದಲು ಹಿಂದೆ ತೆಳು ಫೆಲ್ಟ್ ಬಟ್ಟೆಯ ಬಿಲ್ಲೆ ಇಟ್ಟರೆ ಹೊಸ ಪಾಲಿಶ್ ಮೇಲೆ ಗೀರು ಬೀಳುವುದಿಲ್ಲ. ಬೆನ್ನಿನ ರಟ್ಟಿನ ತೂತುಗಳನ್ನು ಧೂಳು ಬರುತ್ತದೆಂದು ಮುಚ್ಚಬೇಡಿ, ವಾಲ್ವ್‌ಗಳ ಬಿಸಿ ಹೋಗುವ ದಾರಿ ಅದು. ಇಷ್ಟು ಚೆಂದ ಆಯಿತಲ್ಲ, ಸುಮ್ನೆ ಒಂದು ಸಲ ಆನ್ ಮಾಡಿ ನೋಡೋಣ ಎನ್ನಿಸುವುದು ಖಂಡಿತ. ಒಳಗಿನ ಹಳೇ ಕೆಪಾಸಿಟರ್‌ಗಳನ್ನು ಬಲ್ಲವರಿಗೆ ತೋರಿಸುವ ತನಕ ಪ್ಲಗ್ ಮಾತ್ರ ಹಾಕಬೇಡಿ.