ಕಾಡಿಗೆ ಯಾವುದು: ಪಾಯಿಂಟ್ ಟೂ ಟೂ ರೈಫಲ್ಲೋ, ಪಿಸ್ತೂಲೋ?

ಪಾಯಿಂಟ್ ಟೂ ಟೂ ಅಂದರೆ 0.22 ಇಂಚು ಅಳತೆಯ ಸಣ್ಣ ಗುಂಡು. ಮೊದಲೇ ಹೇಳಿಬಿಡುತ್ತೇನೆ, ನಾನು ಆರಿಸಿಕೊಂಡಿದ್ದು ರೈಫಲ್. ಪಿಸ್ತೂಲು ಕೆಲಸಕ್ಕೆ ಬಾರದು ಅಂತ ಅಲ್ಲ. ಒಂದನ್ನು ಬೆನ್ನಿಗೆ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ಸಾಕಷ್ಟು ಓಡಾಡಿ, ಎರಡರಲ್ಲೂ ಬೇಕಾದಷ್ಟು ತೋಟಾ ಸುಟ್ಟ ಮೇಲೆ ಬಂದ ತೀರ್ಮಾನ ಇದು.

ನಾನು ಹೋಗುವುದು ರಸ್ತೆಯಿಂದ ದೂರದ ಕಾಡಿಗೆ. ಫೋನ್ ಸಿಗ್ನಲ್ ಇರುವುದಿಲ್ಲ, ಸಣ್ಣ ಬೇಟೆಗೆ ಅನುಮತಿ ಇರುತ್ತದೆ. ದಾರಿ ತಪ್ಪಿಯೋ, ಕಾಲು ಉಳುಕಿಯೋ, ಹೊಳೆ ಏರಿಯೋ ಒಂದಷ್ಟು ದಿನ ಸಿಕ್ಕಿಹಾಕಿಕೊಂಡರೆ ಮೊಲ, ಅಳಿಲು, ಕಾಡುಹಕ್ಕಿ ಏನಾದರೂ ಹೊಡೆದು ಹೊಟ್ಟೆಗೆ ಹಾಕಿಕೊಳ್ಳಬೇಕು. ಅದಕ್ಕೊಂದು ಬಂದೂಕು. ಕರಡಿ ಎದುರಾದರೆ ಏನು ಮಾಡಬೇಕು ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಪಾಯಿಂಟ್ ಟೂ ಟೂ ಉತ್ತರವೇ ಅಲ್ಲ, ನಳಿಗೆ ಉದ್ದ ಇರಲಿ, ಗಿಡ್ಡ ಇರಲಿ. ಇನ್ನು ಬೇಟೆಯೇ ನಿಷೇಧ ಇರುವ ಜಾಗದಲ್ಲಿ ಈ ಲೆಕ್ಕವೆಲ್ಲ ಬೇಡವೇ ಬೇಡ.

ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟಾ (ಹೆಸರಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಇದೇ) 1887ರಿಂದ ಇದೆ. ಇವತ್ತಿಗೂ ಜಗತ್ತಿನಲ್ಲಿ ತುಂಬಾ ಸುಲಭವಾಗಿ ಸಿಗುವ ತೋಟಾಗಳಲ್ಲಿ ಇದೂ ಒಂದು. ನನಗೆ ಇದು ಇಷ್ಟವಾಗಿದ್ದು ತೂಕದ ವಿಷಯಕ್ಕೆ. ಒಂದಕ್ಕೆ ಸುಮಾರು 3.4 ಗ್ರಾಂ. ನೂರು ತೋಟಾ ಹೊತ್ತರೂ 340 ಗ್ರಾಂ ಆಸುಪಾಸು. ದೊಡ್ಡ ಪಿಸ್ತೂಲುಗಳ 9 ಎಂಎಂ ಆದರೆ ಒಂದೇ ತೋಟಾ 12 ಗ್ರಾಂ ತೂಗುತ್ತದೆ. ಪಾಯಿಂಟ್ ಟೂ ಟೂ ಹಿಂದಕ್ಕೆ ಒದೆಯುವುದಿಲ್ಲ, ಮಾಂಸ ಹಾಳಾಗುವುದೂ ಕಡಿಮೆ. ಹಾಗಾಗಿ ತೋಟಾ ಯಾವುದು ಅನ್ನುವ ಚರ್ಚೆ ನನಗೆ ಬೇಗ ಮುಗಿಯಿತು. ಅದನ್ನು ಯಾವುದರಿಂದ ಹೊಡೆಯಬೇಕು ಅನ್ನುವುದೇ ಬಹಳ ಕಾಲ ತಲೆ ತಿಂದಿತು.

ಎಲ್ಲರೂ ಮೊದಲು ಮಾತಾಡುವುದು ಶಕ್ತಿಯ ಬಗ್ಗೆ. 40 ಗ್ರೇನ್, ಅಂದರೆ 2.6 ಗ್ರಾಂನ ಗುಂಡು ರೈಫಲ್ ನಳಿಗೆಯಿಂದ ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದೇ ತೋಟಾ ಗಿಡ್ಡ ನಳಿಗೆಯ ಪಿಸ್ತೂಲಿನಲ್ಲಿ 300ರ ಹತ್ತಿರ ಬರುತ್ತದೆ. ಮದ್ದು ಪೂರ್ತಿ ಉರಿದು ಗುಂಡನ್ನು ತಳ್ಳುವುದಕ್ಕೆ ಅಲ್ಲಿ ಜಾಗ ಸಾಲುವುದಿಲ್ಲ, ಅಷ್ಟೇ. ಶಕ್ತಿಯ ಲೆಕ್ಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಕೇಳುವುದಕ್ಕೆ ದೊಡ್ಡ ನಷ್ಟ ಅನ್ನಿಸುತ್ತದೆ, ಅಲ್ವಾ? ಆದರೆ ತಲೆಗೆ ಬಿದ್ದರೆ ಮೊಲಕ್ಕೆ ಉಳಿದ ಶಕ್ತಿಯೇ ಧಾರಾಳ. ಬೀಳದಿದ್ದರೆ ಎಷ್ಟು ಶಕ್ತಿ ಇದ್ದೂ ಉಪಯೋಗವಿಲ್ಲ. ಹಾಗಾಗಿ ನಾನು ಶಕ್ತಿಯನ್ನು ಬದಿಗಿಟ್ಟು, ಗುಂಡು ಎಲ್ಲಿ ಬೀಳುತ್ತದೆ ಅನ್ನುವುದನ್ನು ಮಾತ್ರ ನೋಡಿದೆ.

ಇದಕ್ಕೆ ಶೂಟಿಂಗ್ ಸ್ಪರ್ಧೆಯ ಗುರಿಹಲಗೆಗಳೇ ಒಳ್ಳೆಯ ಸಾಕ್ಷಿ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್ ಅಗಲ. 50 ಮೀಟರ್ ಪಿಸ್ತೂಲಿನಲ್ಲಿ ಅದೇ ವೃತ್ತ 50 ಮಿಲಿಮೀಟರ್. ದೂರ ಅದೇ, ತೋಟಾ ಅದೇ, ಹೊಡೆಯುವವರು ಜಗತ್ತಿನ ಅತ್ಯುತ್ತಮರು. ಆದರೂ ಪಿಸ್ತೂಲಿಗೆ ಐದು ಪಟ್ಟು ದೊಡ್ಡ ವೃತ್ತ ಕೊಡಬೇಕಾಯಿತು. ಅವರ ಕಥೆಯೇ ಹೀಗಾದರೆ, ರಾತ್ರಿಯಿಡೀ ನಿದ್ದೆಯಿಲ್ಲದೆ ಒದ್ದೆ ಬಟ್ಟೆಯಲ್ಲಿ ನಡುಗುತ್ತಿರುವ ನನ್ನಂಥವನ ಕಥೆ ಏನು?

ಕಾರಣ ಸಣ್ಣ ಲೆಕ್ಕದಲ್ಲಿದೆ. ಸೈಟು ಅಂದರೆ ನಳಿಗೆಯ ಮೇಲೆ ಗುರಿ ನೋಡುವ ಗುರುತು. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ದೂರ ಪಿಸ್ತೂಲಿನಲ್ಲಿ 15 ಸೆಂಟಿಮೀಟರ್ ಅಂದುಕೊಳ್ಳಿ. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಸರಿದರೆ, 25 ಮೀಟರ್ ದೂರದಲ್ಲಿ ಗುಂಡು ಸುಮಾರು 17 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಮೊಲದ ತಲೆ ಬಿಡಿ, ಇಡೀ ಮೊಲವೇ ತಪ್ಪಿಹೋಯಿತು. ರೈಫಲ್ಲಿನಲ್ಲಿ ಸೈಟುಗಳ ನಡುವೆ 45 ಸೆಂಟಿಮೀಟರ್ ಇದ್ದರೆ ಅದೇ ತಪ್ಪಿಗೆ ಐದೂವರೆ ಸೆಂಟಿಮೀಟರ್ ಮಾತ್ರ. ಜೊತೆಗೆ ರೈಫಲ್ ಭುಜಕ್ಕೆ ಒರಗುತ್ತದೆ, ಕೆನ್ನೆಗೆ ತಾಗುತ್ತದೆ, ಎರಡು ಕೈ ಬೇರೆ. ನಾಲ್ಕು ಕಡೆ ಆಸರೆ. ಪಿಸ್ತೂಲಿಗೆ ಇರುವುದು ಚಾಚಿದ ಕೈಗಳು ಮಾತ್ರ, ಮತ್ತು ದಣಿದಾಗ ಮೊದಲು ನಡುಗುವುದೂ ಅವೇ.

ಇದನ್ನು ನನ್ನ ಮೇಲೇ ಪರೀಕ್ಷೆ ಮಾಡಿಕೊಳ್ಳಲು ಒಂದು ಅಭ್ಯಾಸ ಇಟ್ಟುಕೊಂಡಿದ್ದೆ. ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಅಂಗೈ ಅಗಲದ ಗುರಿ ಕಟ್ಟುವುದು. ಭಾರದ ಚೀಲ ಹೊತ್ತು, ಬಂದೂಕು ಖಾಲಿ ಇಟ್ಟುಕೊಂಡು, ಏರು ಹತ್ತಿ ಇಳಿದು ಬರುವುದು. ಏದುಸಿರು ಇರುವಾಗಲೇ ನಿಂತು ತೋಟಾ ತುಂಬಿ ಹೊಡೆಯುವುದು. ಚಳಿಗಾಲದಲ್ಲಿ ಕೈಗವಸು ಬಿಚ್ಚಿ, ಬೆರಳು ಮರಗಟ್ಟುವ ತನಕ ಕಾದು ಹೊಡೆಯುವುದು. 25 ಮೀಟರಿನಲ್ಲಿ ರೈಫಲ್ ಹೆಚ್ಚುಕಡಿಮೆ ಪ್ರತಿ ಸಲ ಅಂಗೈ ಒಳಗೇ ಬಿತ್ತು. ಒಂದು ಮೊಣಕಾಲೂರಿದರೆ 50 ಮೀಟರಿನಲ್ಲೂ ಬಿತ್ತು. ಪಿಸ್ತೂಲು ವಿರಾಮವಾಗಿ ಹೊಡೆದಾಗ ಚೆನ್ನಾಗಿಯೇ ಬೀಳುತ್ತಿತ್ತು. ಏದುಸಿರಿನಲ್ಲಿ ಮಾತ್ರ 12-15 ಮೀಟರ್ ದಾಟಿದರೆ ಭರವಸೆ ಇರಲಿಲ್ಲ. ಕಾಡಿನಲ್ಲಿ ಮೊಲ ಅಷ್ಟು ಹತ್ತಿರಕ್ಕೆ ಬಿಡುವುದು ಅಪರೂಪವೇನಲ್ಲ. ಆದರೆ ಹಸಿದಾಗ ಬಿಟ್ಟೇ ಬಿಡುತ್ತದೆ ಅಂತ ನಂಬಿ ಕೂರಲು ನನಗೆ ಧೈರ್ಯವಿಲ್ಲ.

ಈಗ ಪಿಸ್ತೂಲಿನ ಪರವಾದ ವಾದ. ಇದು ನಿಜಕ್ಕೂ ಗಟ್ಟಿ ವಾದ. ಪಿಸ್ತೂಲು ಸೊಂಟದಲ್ಲೇ ಇರುತ್ತದೆ. ಹೊಳೆ ದಾಟುವಾಗ ಕಾಲು ಜಾರಿ ಚೀಲ ತೇಲಿಹೋದರೂ ಅದು ನಿಮ್ಮ ಜೊತೆಗಿರುತ್ತದೆ. ರೈಫಲ್ ಹಾಗಲ್ಲ. ಸೌದೆ ಆರಿಸುವಾಗ, ನೀರು ತುಂಬುವಾಗ, ಟೆಂಟ್ ಕಟ್ಟುವಾಗ ಅದನ್ನು ಮರಕ್ಕೆ ಒರಗಿಸಿ ಬಂದಿರುತ್ತೇವೆ. ಹಕ್ಕಿ ಕಾಣಿಸುವುದೂ ಸರಿಯಾಗಿ ಆಗಲೇ! ಅವಘಡ ಅನ್ನುವುದು ಹೇಳಿಕೇಳಿ ಬರುವುದಿಲ್ಲವಲ್ಲ. ಸಿಕ್ಕಿಹಾಕಿಕೊಂಡ ಗಳಿಗೆಯಲ್ಲಿ ಮೈಮೇಲೆ ಏನಿದೆಯೋ ಅದೇ ನಿಮ್ಮ ಆಸ್ತಿ.

ಇದಕ್ಕೆ ನಾನು ಕಂಡುಕೊಂಡ ದಾರಿ ಹಗುರ ರೈಫಲ್ ಮತ್ತು ಒಳ್ಳೆಯ ಸ್ಲಿಂಗ್, ಅಂದರೆ ಹೊರುವ ಪಟ್ಟಿ. ಬೆನ್ನಿಗೆ ಅಡ್ಡಲಾಗಿ ಬಿಗಿದುಕೊಂಡರೆ ಎರಡೂ ಕೈ ಖಾಲಿ. ಎರಡು ಕಿಲೋ ಚಿಲ್ಲರೆ ತೂಕದ ರೈಫಲ್ ಆದರೆ ಸಂಜೆಯವರೆಗೂ ಬಿಚ್ಚಬೇಕು ಅನ್ನಿಸುವುದಿಲ್ಲ. ನಳಿಗೆ 16 ಇಂಚು ಇದ್ದರೆ ಸಾಕು. ಈ ತೋಟಾಕ್ಕೆ ಅದಕ್ಕಿಂತ ಉದ್ದ ಮಾಡಿದರೆ ವೇಗ ಹೇಳಿಕೊಳ್ಳುವಷ್ಟು ಏರುವುದಿಲ್ಲ, ಪೊದೆಗೆ ಸಿಕ್ಕಿಕೊಳ್ಳುವುದು ಮಾತ್ರ ಏರುತ್ತದೆ.

ಬಿಚ್ಚಿ ಜೋಡಿಸುವ ರೈಫಲ್ಲುಗಳ ಬಗ್ಗೆ ಜನಕ್ಕೆ ಭಾರೀ ಮೋಹ. 1959ರಲ್ಲಿ ಆರ್ಮಲೈಟ್ ಕಂಪನಿ ಎಆರ್-7 ತಂದಾಗಿನಿಂದ ಇದು ನಡೆದು ಬಂದಿದೆ. ನಳಿಗೆ, ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಎಲ್ಲ ಭುಜಕ್ಕೆ ಒರಗಿಸುವ ಬಟ್ಟಿನ ಒಳಗೇ ಅಡಗುತ್ತವೆ, ನೀರಿಗೆ ಬಿದ್ದರೆ ತೇಲುತ್ತದೆ. ದೋಣಿಯಲ್ಲಿ, ಸಣ್ಣ ವಿಮಾನದಲ್ಲಿ ಇಡುವುದಕ್ಕೆ ಅದಕ್ಕಿಂತ ಚೆಂದದ್ದು ಇಲ್ಲ. ಆದರೆ ನಡೆದು ಹೋಗುವವನಿಗೆ ಚೀಲದ ತಳದಲ್ಲಿ ಬಿಚ್ಚಿಟ್ಟ ರೈಫಲ್ ಇದ್ದೂ ಇಲ್ಲದಂತೆ. ಅಳಿಲು ಕಾಯುವುದಿಲ್ಲ.

ಪ್ರತಿ ಸಲ ಕೈಯಲ್ಲಿ ಎಳೆದು ತೋಟಾ ಏರಿಸುವ ಬೋಲ್ಟ್ ಬೇಕೋ, ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ಬೇಕೋ ಅನ್ನುವುದು ಇನ್ನೊಂದು ಜಗಳ. 1964ರಲ್ಲಿ ಬಂದ ರೂಗರ್ 10/22 ಬಹಳ ಜನರ ಕೈಯಲ್ಲಿದೆ, ಒಳ್ಳೆಯ ರೈಫಲ್. ನನ್ನ ಆಯ್ಕೆ ಬೋಲ್ಟ್. ಮಣ್ಣು ಮಸಿ ಹಿಡಿದರೂ ಕೈಯಲ್ಲಿ ಎಳೆದು ಸರಿಮಾಡಿಕೊಳ್ಳಬಹುದು. ಯಾವ ತೋಟಾ ಹಾಕಿದರೂ ನುಂಗುತ್ತದೆ. ಶಬ್ದಕ್ಕಿಂತ ನಿಧಾನ ಓಡುವ ಸಬ್‌ಸಾನಿಕ್ ತೋಟಾ ಎಷ್ಟೋ ಸೆಮಿ ಆಟೋಮ್ಯಾಟಿಕ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಬೋಲ್ಟಿನಲ್ಲಿ ಆ ರಗಳೆ ಇಲ್ಲ. ಸದ್ದೂ ಎಷ್ಟೋ ಕಡಿಮೆ, ಒಂದು ಈಡಿಗೆ ಇಡೀ ಗುಡ್ಡ ಖಾಲಿ ಆಗುವುದಿಲ್ಲ. ಪಿಸ್ತೂಲಿನ ಬಾಯಿ ಮುಖಕ್ಕೆ ಹತ್ತಿರ, ಅದರ ಸದ್ದು ಕಿವಿಗೆ ಜಾಸ್ತಿ ಹೊಡೆತ. ಏನೇ ಆದರೂ ಅಭ್ಯಾಸ ಮಾಡುವಾಗ ಕಿವಿಗೆ ರಕ್ಷಣೆ ಬೇಕೇ ಬೇಕು, ರೈಫಲ್ಲಿಗೂ.

ಈ ತೋಟಾಕ್ಕೆ ಒಂದು ದುರ್ಗುಣ ಇದೆ. ಕಿಡಿ ಹೊತ್ತಿಸುವ ಮದ್ದು ತೋಟಾದ ತಳದ ಅಂಚಿನ ಸುತ್ತ ತುಂಬಿರುತ್ತದೆ. ಎಲ್ಲೋ ಒಂದರಲ್ಲಿ ಅದು ಸರಿಯಾಗಿ ಹರಡಿರುವುದಿಲ್ಲ, ಟ್ರಿಗರ್ ಒತ್ತಿದರೆ ಬರೀ 'ಟಕ್' ಅನ್ನುತ್ತದೆ. ಹಾಗಾದಾಗ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಇಟ್ಟು ಅರ್ಧ ನಿಮಿಷ ಕಾಯಬೇಕು. ತಡವಾಗಿ ಹಾರುವುದೂ ಉಂಟು. ಆಮೇಲೆ ಬೋಲ್ಟ್ ಎಳೆದು ತೆಗೆಯಿರಿ. ಇನ್ನೊಂದು ಮಾತು, ಸಣ್ಣದು ಅಂತ ಸಸಾರ ಬೇಡ. ಈ ಗುಂಡು ಒಂದೂವರೆ ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಮರದ ತುದಿಯ ಅಳಿಲಿಗೆ ಆಕಾಶದ ಕಡೆ ಹೊಡೆಯುವುದನ್ನು ನಾನು ಮಾಡುವುದಿಲ್ಲ. ಹಿಂದೆ ಕಾಂಡವೋ ದಿಬ್ಬವೋ ಇದ್ದರೆ ಮಾತ್ರ.

ರೈಫಲ್ಲಿನ ಸೈಟನ್ನು 50 ಮೀಟರಿಗೆ ಹೊಂದಿಸಿಟ್ಟಿದ್ದೇನೆ. ಹಾಗೆ ಹೊಂದಿಸಿದಾಗ ಗುಂಡು ನೂರು ಮೀಟರಿಗೆ ಹೋಗುವಷ್ಟರಲ್ಲಿ ಗೇಣಿನಷ್ಟು ಕೆಳಗಿಳಿಯುತ್ತದೆ, ಗಾಳಿ ಬೇರೆ ತಳ್ಳುತ್ತದೆ. ಅಷ್ಟು ದೂರದ ಆಸೆಯೇ ಇಟ್ಟುಕೊಂಡಿಲ್ಲ.

ಹೊಡೆದ ಮೇಲಿನ ಕೆಲಸವೂ ಸ್ವಲ್ಪ ಇದೆ. ಮೊಲದಿಂದ ಟುಲರೀಮಿಯಾ ಅನ್ನುವ ಸೋಂಕು ತಗುಲಬಹುದು. ಹಾಗಾಗಿ ಸುಲಿಯುವಾಗ ಕೈಗವಸು, ಆಮೇಲೆ ಪೂರ್ತಿ ಬೇಯಿಸುವುದು. ಗುಂಡು ಸೀಸದ್ದು, ಗಾಯದ ಸುತ್ತಲಿನ ಮಾಂಸ ಕತ್ತರಿಸಿ ಎಸೆಯಬೇಕು. ಬರೀ ಮೊಲ ತಿಂದುಕೊಂಡು ವಾರಗಟ್ಟಲೆ ಇರಲೂ ಆಗುವುದಿಲ್ಲ. ಅದರಲ್ಲಿ ಕೊಬ್ಬೇ ಇಲ್ಲ. ಹೊಟ್ಟೆ ತುಂಬಾ ತಿಂದೂ ಮೈ ಸೊರಗುತ್ತದೆ, ಭೇದಿ ಹಿಡಿಯುತ್ತದೆ. ನಿಜ ಹೇಳಬೇಕೆಂದರೆ ನನ್ನ ಚೀಲದಲ್ಲಿ ಬಂದೂಕಿಗಿಂತ ಮೊದಲ ಜಾಗ ನೀರಿಗೆ, ಬೆಂಕಿಗೆ, ತಲೆ ಮೇಲೊಂದು ಹೊದಿಕೆಗೆ. ಊಟವಿಲ್ಲದೆ ವಾರಗಳು ಕಳೆಯಬಹುದು, ನೀರಿಲ್ಲದೆ ಮೂರು ದಿನ ಕಷ್ಟ. ಕೂಗಿ ಕರೆಯುವುದಕ್ಕೂ ಬಂದೂಕಿನ ಸದ್ದಿಗಿಂತ ಒಂದು ಸೀಟಿ ವಾಸಿ. ಒಂದು ಗಾಳ, ಒಂದಿಷ್ಟು ದಾರ ಕೂಡ ಸದಾ ಇರುತ್ತದೆ. ಅದಕ್ಕೆ ತೂಕವೇ ಇಲ್ಲ.

ಕಾನೂನೂ ರೈಫಲ್ ಕಡೆಗೇ ವಾಲುತ್ತದೆ. ಎಷ್ಟೋ ದೇಶಗಳಲ್ಲಿ ಪಿಸ್ತೂಲಿನ ಲೈಸೆನ್ಸ್ ಸಿಗುವುದೇ ದುಸ್ತರ. ಬ್ರಿಟನ್ನಿನಲ್ಲಿ 1997ರ ಕಾನೂನು ಪಾಯಿಂಟ್ ಟೂ ಟೂ ಪಿಸ್ತೂಲುಗಳನ್ನೂ ಸೇರಿಸಿ ಹೆಚ್ಚುಕಡಿಮೆ ಎಲ್ಲ ಕೈಬಂದೂಕು ನಿಷೇಧಿಸಿತು. ಅದೇ ಅಳತೆಯ ರೈಫಲ್ ಪ್ರಮಾಣಪತ್ರದ ಮೇಲೆ ಇಟ್ಟುಕೊಳ್ಳಬಹುದು.

ಇಷ್ಟಾದರೂ ಪಿಸ್ತೂಲೇ ಬೇಕು ಅನ್ನುವವರಿದ್ದಾರೆ. ಬಲೆ, ಉರುಲು ನೋಡಿಕೊಂಡು ದಿನವಿಡೀ ಎರಡೂ ಕೈಯಲ್ಲಿ ಕೆಲಸ ಮಾಡುವವರು, ಹೆಗಲು ನೋವಿರುವವರು, ವಾರ ವಾರ ಪಿಸ್ತೂಲಿನಲ್ಲೇ ಅಭ್ಯಾಸ ಮಾಡುವವರು. ಅವರಿಗೆ ನನ್ನ ತಕರಾರಿಲ್ಲ. ಆರು ಇಂಚಿನ ಆಸುಪಾಸಿನ ನಳಿಗೆ, ಹೊಂದಿಸಿಕೊಳ್ಳಬಹುದಾದ ಸೈಟ್ ಇರುವುದನ್ನು ನೋಡಿ. ಬಗೆಬಗೆಯ ತೋಟಾ ಹಾಕುವುದಾದರೆ ರಿವಾಲ್ವರ್ ವಾಸಿ, ಒಂದು 'ಟಕ್' ಅಂದರೂ ಆ ಅರ್ಧ ನಿಮಿಷ ಕಾದು ಮತ್ತೆ ಒತ್ತಿದರೆ ಮುಂದಿನದು ಬರುತ್ತದೆ. ನಿಂತು ಹೊಡೆಯಬೇಡಿ. ಕೂತು, ಬೆನ್ನನ್ನು ಮರಕ್ಕೆ ಕೊಟ್ಟು, ಎರಡೂ ಮೊಣಕಾಲು ಮಡಚಿ, ಅವುಗಳ ನಡುವೆ ಮಣಿಕಟ್ಟು ಬಿಗಿಹಿಡಿದು ಹೊಡೆಯಿರಿ. ನನ್ನ ಗುಂಡುಗಳ ಚದುರುವಿಕೆ ಹಾಗೆ ಕೂತಾಗ ಅರ್ಧಕ್ಕೆ ಇಳಿಯಿತು. ರಿವಾಲ್ವರ್ ಆದರೆ ತೋಟಾ ತುಂಬಿ ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಬಿಸಿ ಅನಿಲ, ಸೀಸದ ಚೂರು ಹಾರುತ್ತವೆ. ಮೊಣಕಾಲು ಅದಕ್ಕಿಂತ ಹಿಂದೆಯೇ ಇರಲಿ.