ಇಪ್ಪತ್ತು ಮೂಟೆ ಹೊತ್ತ ಪಿಕಪ್‌ಗೆ ಒಂದು ಪೆಟ್ಟಿಗೆ ಭಾರವಾಯ್ತು

ನಮ್ಮ ತೋಟ ಇರುವುದು ಆಲ್ದೂರಿನ ಹತ್ತಿರ. ತೋಟದ ಕೆಲಸಕ್ಕೆಂದು ಡಬಲ್ ಕ್ಯಾಬಿನ್ ಪಿಕಪ್ ತಗೊಂಡು ಆರು ವರ್ಷವಾಯ್ತು. ಕೊಯ್ಲು ಮುಗಿದ ಮೇಲೆ ಐವತ್ತು ಕೆಜಿಯ ಇಪ್ಪತ್ತು ಮೂಟೆ ಕಾಫಿ ಹೇರಿಕೊಂಡು ಚಿಕ್ಕಮಗಳೂರಿಗೆ ಹೋಗಿಬರುವುದು ಅದಕ್ಕೆ ಮಾಮೂಲು. ಅಂದರೆ ಸರಿಯಾಗಿ ಒಂದು ಟನ್. ಹಾಗಾಗಿ ಅದರ ಹಿಂದಿನ ಡೆಕ್ ಮೇಲೆ ಮಲಗುವ ಪೆಟ್ಟಿಗೆಯೊಂದನ್ನು ಕೂರಿಸಿಕೊಂಡು ಊರೂರು ತಿರುಗುವ ಹುಚ್ಚು ಹಿಡಿದಾಗ ಭಾರದ ಯೋಚನೆ ನನ್ನ ತಲೆಗೇ ಬರಲಿಲ್ಲ. ಒಂದು ಟನ್ ಹೊರುವ ಗಾಡಿ ಒಂದು ಮಂಚ, ಒಂದು ಒಲೆ ಹೊರುವುದಿಲ್ಲವೇ?

ಬೇಕಾದಾಗ ಇಳಿಸಿ, ಬೇಕಾದಾಗ ಏರಿಸುವ ಪೆಟ್ಟಿಗೆ ಅದು. ಅಮೆರಿಕದಲ್ಲಿ ಇದನ್ನು ಸ್ಲೈಡ್-ಇನ್ ಕ್ಯಾಂಪರ್ ಅನ್ನುತ್ತಾರೆ. ಗಾಡಿಗೆ ವೆಲ್ಡ್ ಮಾಡಿಸುವ ಮಾತೇ ಇರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. ಜೊತೆಗೆ ಕೊಯ್ಲಿನ ಕಾಲಕ್ಕೆ ನನಗೆ ಡೆಕ್ ಖಾಲಿ ಬೇಕಲ್ಲ.

ಫ್ಯಾಬ್ರಿಕೇಶನ್ ಅಂಗಡಿಯವರಿಗೆ ಅಳತೆ ಕೊಟ್ಟೆ. 40-40 ಎಂಎಂನ ಎಂಎಸ್ (ಕಬ್ಬಿಣದ) ಚೌಕ ಪೈಪಿನ ಫ್ರೇಮು, 18 ಎಂಎಂ ಪ್ಲೈವುಡ್ಡು, ಮೇಲೆ ಶೀಟು. ಡೆಕ್ ಚಿಕ್ಕದು, ಕಾಲು ಚಾಚಲು ಜಾಗ ಸಾಲದು ಅಂತ ಹಿಂದಕ್ಕೆ ಎರಡಡಿ ಹೊರಚಾಚು ಬಿಡಿಸಿದೆ. ಅಡುಗೆ ಮನೆ, 80 ಲೀಟರ್ ನೀರಿನ ಟ್ಯಾಂಕು, ಮನೆಯಲ್ಲಿ ಬಿದ್ದಿದ್ದ ಇನ್ವರ್ಟರ್ ಬ್ಯಾಟರಿ, ಎಲ್ಲವೂ ಆ ಹಿಂದಿನ ತುದಿಯಲ್ಲೇ. ಹಿಂದೆ ನಿಂತು ಕಾಫಿ ಕಾಸಲು ಅನುಕೂಲ ಅಂತ. "ಎಷ್ಟು ತೂಕ ಬರಬಹುದು?" ಅಂದಿದ್ದಕ್ಕೆ, "ಮುನ್ನೂರು, ಮುನ್ನೂರೈವತ್ತು ಬರುತ್ತೆ ಸಾರ್" ಅಂದರು. ಅವರ ತಪ್ಪೇನಿಲ್ಲ, ಗೇಟು ಕಿಟಕಿ ಮಾಡುವವರಿಗೆ ತೂಕದ ಗೊಡವೆ ಯಾಕೆ? ಕೇಳಿ ಸುಮ್ಮನಾದವನು ನಾನು.

ಮೊದಲ ಸವಾರಿ ಮಲ್ಪೆಗೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವಾಗ ಬ್ರೇಕಿನ ಸುಟ್ಟ ವಾಸನೆ ಕ್ಯಾಬಿನ್ ಒಳಗೇ ಬಂತು. ಎರಡು ಕಡೆ ನಿಲ್ಲಿಸಿ ತಣಿಸಿಕೊಂಡು ಇಳಿದೆ. ನಿಜವಾದ ಹೆದರಿಕೆ ಕಾದಿದ್ದು ವಾಪಸ್ ಬರುವಾಗ. ಸಂಜೆಗತ್ತಲು, ಸಣ್ಣ ಮಳೆ. ಹತ್ತುವ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಗಾಡಿ ಒಂದು ಗಳಿಗೆ ನೆಟ್ಟಗೇ ಹೋಗಿ, ಆಮೇಲೆ ತಿರುಗುತ್ತಿತ್ತು. ಕೈಗೆ ಹತ್ತಿಯಷ್ಟು ಹಗುರ. ಎದುರಿಂದ ಬಂದವರೆಲ್ಲ ನನಗೆ ಡಿಪ್ ಹೊಡೆಯುವುದೇ. ನಾನು ಡಿಮ್ಮಿನಲ್ಲೇ ಇದ್ದೆ! ಹೆಡ್‌ಲೈಟ್ ರಸ್ತೆ ಬಿಟ್ಟು ಮರದ ತುದಿ ನೋಡುತ್ತಿತ್ತು. "ರೀ, ಇದು ಮೂಗು ಮೇಲೆ ಮಾಡ್ಕೊಂಡು ಹೋಗ್ತಿದೆಯಲ್ರೀ" ಅಂದಳು ಹೆಂಡತಿ.

ಮನೆಗೆ ಬಂದ ಮೇಲೆ ನಮ್ಮ ಡ್ರೈವರ್‌ಗೆ ಹೇಳಿದೆ. ಅವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಇಪ್ಪತ್ತು ಮೂಟೆ ಹೇರಿದಾಗ ಹಿಂಗಾಗಲ್ವಲ್ಲ ಗೌಡ್ರೆ" ಅಂದ. ಆ ಮಾತು ತಲೆಯೊಳಗೆ ಕೂತುಬಿಟ್ಟಿತು.

ಮಾರನೇ ವಾರ ಪೆಟ್ಟಿಗೆ ಇಳಿಸಿ ಲೆಕ್ಕಕ್ಕೆ ಕೂತೆ. ನಮ್ಮ ಆರ್‌ಸಿಯಲ್ಲಿ ಎರಡು ತೂಕ ಬರೆದಿದೆ: ಖಾಲಿ ಗಾಡಿಯದು 1,780 ಕೆಜಿ, ಒಟ್ಟು ಮೀರಬಾರದ ತೂಕ 2,850. ಕಳೆದರೆ 1,070. ಇಷ್ಟು ದಿನ ನಾನು ನೆಚ್ಚಿಕೊಂಡಿದ್ದು ಇದನ್ನೇ. ಟ್ಯಾಂಕ್ ತುಂಬ ಡೀಸೆಲ್ ಹಾಕಿಸಿ, ಡೆಕ್‌ನ ಹಿಂದಿನ ಡೋರ್ ಬಿಚ್ಚಿಟ್ಟು, ಡ್ರೈವರನ್ನೂ ಕೆಳಗಿಳಿಸಿ ವೇಬ್ರಿಡ್ಜ್ ಮೇಲೆ ನಿಲ್ಲಿಸಿದರೆ ತೋರಿಸಿದ್ದು 1,930! ಮುಂದಿನ ಕಬ್ಬಿಣದ ಗಾರ್ಡು, ಡೆಕ್‌ಗೆ ಹಾಸಿದ ಚೆಕರ್ ಪ್ಲೇಟು, ಎಳೆಯುವ ಹುಕ್ಕು, ಸೀಟಿನ ಕೆಳಗಿನ ಸರಪಳಿ, ಜಾಕಿ, ಹಾರೆ, ಇದೆಲ್ಲ ಆರು ವರ್ಷದಲ್ಲಿ ನಾನೇ ಸೇರಿಸಿದ್ದು. ಆರ್‌ಸಿಗೆ ಅದು ಗೊತ್ತಿಲ್ಲ. ಅಲ್ಲಿಗೆ ನಿಜವಾಗಿ ಉಳಿದದ್ದು 920 ಕೆಜಿ.

ಅದರಲ್ಲಿ ಮನುಷ್ಯರೂ ಸೇರಬೇಕು. ನಾನು 82, ಹೆಂಡತಿ 61, ಮಗ 48, ನಾಯಿ 22. ನಾಯಿಯನ್ನು ಬಚ್ಚಲ ತೂಕದ ಯಂತ್ರದ ಮೇಲೆ ಎತ್ತಿಕೊಂಡು ನಿಂತು, ನನ್ನ ತೂಕ ಕಳೆದು ಬರೆದುಕೊಂಡೆ. ನೀರು ಲೀಟರಿಗೊಂದು ಕೆಜಿ, ಅಂದರೆ 80. ಬ್ಯಾಟರಿ 55. ಐದು ಕೆಜಿಯ ಸಣ್ಣ ಸಿಲಿಂಡರ್ ಸಿಲಿಂಡರಿನ ಭಾರವೂ ಸೇರಿ 13. ಹಾಸಿಗೆ, ಪಾತ್ರೆ, ಕುರ್ಚಿ, ಅಕ್ಕಿಬೇಳೆ, ಬಟ್ಟೆ ಎಲ್ಲ ಸೇರಿ 95. ಇಷ್ಟನ್ನೂ ಕಳೆದರೆ ಪೆಟ್ಟಿಗೆಗೆ ಉಳಿಯುವುದು 464. ಪೆಟ್ಟಿಗೆ ಏರಿಸಿ ಮತ್ತೆ ತೂಗಿದೆವು, 2,490. ಅಂದರೆ ಪೆಟ್ಟಿಗೆಯೇ 560.

ಎಲ್ಲ ತುಂಬಿಸಿ, ಎಲ್ಲರನ್ನೂ ಕೂರಿಸಿ ಕೊನೆಯ ತೂಕ ಹಾಕಿಸಿದೆ. ಮೊದಲು ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರ್ಮಿನ ಮೇಲೆ, ಆಮೇಲೆ ನಾಲ್ಕೂ ಚಕ್ರ, ಆಮೇಲೆ ಹಿಂದಿನದು ಮಾತ್ರ. ಪ್ಲಾಟ್‌ಫಾರ್ಮಿನ ಆಚೀಚೆ ನೆಲ ಸಮ ಇರಬೇಕು, ಇಳಿಜಾರಿದ್ದರೆ ಲೆಕ್ಕ ತಪ್ಪುತ್ತದೆ. ವೇಬ್ರಿಡ್ಜ್ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ, ಆದರೆ ಮೂರು ಚೀಟಿ ಕೊಟ್ಟ. ಒಟ್ಟು 2,950, ಮಿತಿಗಿಂತ ನೂರು ಕೆಜಿ ಹೆಚ್ಚು. ಅದಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಉಳಿದ ಎರಡು ಚೀಟಿ. ಖಾಲಿ ಗಾಡಿಯಲ್ಲಿ ಮುಂದಿನ ಆಕ್ಸಲ್ (ಚಕ್ರದ ಅಚ್ಚು) ಮೇಲೆ 1,080 ಇತ್ತು. ಒಂದು ಟನ್‌ಗಿಂತ ಹೆಚ್ಚು ಹೇರಿದ ಮೇಲೆ ಅದು 1,030! ಭಾರ ಹೇರಿದಷ್ಟೂ ಮುಂಭಾಗ ಹಗುರವಾಗಿದೆ. ಹಿಂದಿನ ಆಕ್ಸಲ್ ಮೇಲೆ 850 ಇದ್ದದ್ದು 1,920.

ಮಕ್ಕಳು ಮರದ ದಿಮ್ಮಿಯ ಮೇಲೆ ಹಲಗೆ ಇಟ್ಟು ಏತ ಆಡುತ್ತಾರಲ್ಲ, ಅಷ್ಟೇ ಇದು. ಹಿಂದಿನ ಆಕ್ಸಲ್ಲೇ ದಿಮ್ಮಿ. ಅದಕ್ಕಿಂತ ಹಿಂದೆ ಕೂತ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ, ಅದಕ್ಕಿಂತ ಮುಂದೆ ಕೂತದ್ದು ಒತ್ತುತ್ತದೆ. ಮೂಟೆ ಹೇರುವಾಗ ನಮ್ಮ ಹುಡುಗರು ಮೊದಲ ಸಾಲನ್ನು ಕ್ಯಾಬಿನ್‌ಗೆ ಒರಗಿಸಿಯೇ ಜೋಡಿಸುತ್ತಾರೆ, ಅದೂ ಕೆಳಮಟ್ಟದಲ್ಲಿ. ನಾನು ಮಾಡಿದ್ದು ತದ್ವಿರುದ್ಧ. ನೀರು, ಬ್ಯಾಟರಿ, ಒಲೆ ಎಲ್ಲವನ್ನೂ ತುದಿಗೆ ಒಯ್ದು, ಮೇಲಿಂದ ಎತ್ತರದ ಗೋಡೆ ನಿಲ್ಲಿಸಿದ್ದೆ.

ಟಯರ್ ಕಥೆ ಇನ್ನೂ ನಾಚಿಕೆಗೇಡು. ಹಿಂದಿನ ವರ್ಷ ಚಂದ ಕಾಣಲಿ ಅಂತ ಕಂಪನಿಯ ಟಯರ್ ತೆಗೆಸಿ ಅಗಲದ್ದು ಹಾಕಿಸಿದ್ದೆ. ಟಯರ್ ಬದಿಯಲ್ಲಿ ಅಳತೆಯ ನಂತರ ಒಂದು ಅಂಕಿ ಇರುತ್ತದೆ, ಅದು ಭಾರದ ಸಂಕೇತ. 104 ಅಂದರೆ ಒಂದು ಟಯರಿಗೆ 900 ಕೆಜಿ, 108 ಅಂದರೆ 1,000, 110 ಅಂದರೆ 1,060. ನನ್ನದು 104. ಎರಡು ಟಯರಿಗೆ 1,800, ಮೇಲಿದ್ದದ್ದು 1,920. ಗ್ಯಾರೇಜಿನವರು "ಒಂದು ಸ್ಪ್ರಿಂಗ್ ಪ್ಲೇಟ್ ಎಕ್ಸ್‌ಟ್ರಾ ಹಾಕಿಬಿಡೋಣ, ಸರಿಹೋಗುತ್ತೆ" ಅಂದರು. ಗಾಡಿಯ ಹಿಂಭಾಗ ಎದ್ದು ನಿಲ್ಲುತ್ತದೆ, ನೋಡಲು ಸರಿ ಕಾಣುತ್ತದೆ. ಆದರೆ ಬ್ರೇಕು, ಆಕ್ಸಲ್ಲು, ಟಯರು ಹಳೆಯವೇ ಅಲ್ಲವೇ? ಬೇಡ ಅಂದೆ.

ಅಮೆರಿಕದಲ್ಲಿರುವ ತಂಗಿಯ ಮಗನ ಹತ್ತಿರ ಮಾತಾಡುವಾಗ ಅಲ್ಲಿಯೂ ಜನ ಬೀಳುವುದು ಇದೇ ಗುಂಡಿಗೆ ಅಂತ ಗೊತ್ತಾಯಿತು. ಅಲ್ಲಿ ಡ್ರೈವರ್ ಬಾಗಿಲಿನ ಕಂಬದ ಮೇಲೆ ಜನ, ಸಾಮಾನು ಸೇರಿ ಎಷ್ಟು ಹೇರಬಹುದು ಅಂತ ಚೀಟಿ ಅಂಟಿಸಿರುತ್ತಾರೆ. 'ಹಾಫ್ ಟನ್', 'ಒನ್ ಟನ್' ಅನ್ನುವುದು ಅಲ್ಲಿ ಹಳೆಯ ರೂಢಿಯ ಹೆಸರು ಅಷ್ಟೇ, ಹೊರುವ ತೂಕಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಪೆಟ್ಟಿಗೆ ಮಾರುವವರು ಹೆಚ್ಚಾಗಿ ಹೇಳುವುದು ನೀರು, ಗ್ಯಾಸು ತುಂಬದ ಖಾಲಿ ತೂಕ. ಆದರೆ ಪೆಟ್ಟಿಗೆಯ ಭಾರದ ನಡುಬಿಂದು ಡೆಕ್‌ನ ಯಾವ ಭಾಗದೊಳಗೆ ಬರಬೇಕು ಅನ್ನುವುದನ್ನು ಅಲ್ಲಿ ಗಾಡಿ ಕಂಪನಿಯವರೇ ತಿಳಿಸಬೇಕು. ನನಗೆ ಬೇಕಾಗಿದ್ದುದೂ ಅದೇ.

ಎರಡನೇ ಪೆಟ್ಟಿಗೆಗೆ ಮೊದಲು ತೂಕ, ಆಮೇಲೆ ಅಳತೆ. ಮೊದಲನೆಯದರಲ್ಲಿ 60 ಮೀಟರ್ ಪೈಪ್ ಇತ್ತು. ಎರಡು ಎಂಎಂ ದಪ್ಪದ 40-40ರ ಕಬ್ಬಿಣ ಮೀಟರಿಗೆ 2.4 ಕೆಜಿ ಹತ್ತಿರ, ಅದೇ ಅಳತೆಯ ಅಲ್ಯೂಮಿನಿಯಂ 0.8. ಅಲ್ಲೇ ಸುಮಾರು 95 ಕೆಜಿ ಇಳಿಯಿತು. 18 ಎಂಎಂ ಪ್ಲೈವುಡ್ ಎಂಟು-ನಾಲ್ಕು ಅಡಿಯ ಒಂದು ಹಾಳೆಗೆ ಸುಮಾರು 35 ಕೆಜಿ. ಅದನ್ನು ಬಿಟ್ಟು ತಳಕ್ಕೆ ಮಾತ್ರ 9 ಎಂಎಂ, ಗೋಡೆಗೆ 4 ಎಂಎಂ, ನಡುವೆ ಥರ್ಮಾಕೋಲ್. ಅಲ್ಯೂಮಿನಿಯಂ ವೆಲ್ಡ್ ಮಾಡುವವರು ಹತ್ತಿರ ಸಿಗಲಿಲ್ಲ, ಆ್ಯಂಗಲ್ ಕೊಟ್ಟು ರಿವೆಟ್ ಹೊಡೆಸಿದೆ. ಹೊರಚಾಚು ತೆಗೆದುಹಾಕಿದೆ. ಈಗ ನಾನು ಅಡ್ಡಡ್ಡ ಮಲಗುತ್ತೇನೆ, ಮೊಣಕಾಲು ಸ್ವಲ್ಪ ಮಡಚಬೇಕು. ಪರವಾಗಿಲ್ಲ.

ಪೆಟ್ಟಿಗೆಯ ನಡುಬಿಂದು ಹುಡುಕಿದ್ದು ಕಾಫಿ ಕಣದ ಮೇಲೆ. ನೀರು, ಬ್ಯಾಟರಿ, ಸಾಮಾನು ಎಲ್ಲ ಅದರದರ ಜಾಗದಲ್ಲಿಟ್ಟು, ಪೆಟ್ಟಿಗೆಯ ಅಡಿಗೆ ಅಡ್ಡಲಾಗಿ ಒಂದು ಜಿಐ ಪೈಪ್ ತೂರಿಸಿ, ಆರು ಜನ ಹಿಡಿದು ಹಿಂದೆ ಮುಂದೆ ಉರುಳಿಸಿದೆವು. ಎರಡೂ ಕಡೆ ನೆಲ ಬಿಟ್ಟು ತೂಗಿ ನಿಂತ ಕಡೆ ಹೊರಗೋಡೆಗೆ ಸೀಮೆಸುಣ್ಣದ ಗೆರೆ. ಡೆಕ್ ಮೇಲೂ ಹಿಂದಿನ ಆಕ್ಸಲ್‌ನ ನೇರಕ್ಕೆ ಇನ್ನೊಂದು ಗೆರೆ. ಪೆಟ್ಟಿಗೆ ಒಳಗೆ ಸರಿದು ಕೂತಾಗ ಅದರ ಗೆರೆ ಆಕ್ಸಲ್ ಗೆರೆಗಿಂತ ಕ್ಯಾಬಿನ್ ಕಡೆಗೇ ಬೀಳಬೇಕು. ಮೊದಲ ಸಲ ಹಿಂದೆ ಬಿತ್ತು. 40 ಲೀಟರಿಗೆ ಇಳಿಸಿದ ನೀರಿನ ಟ್ಯಾಂಕನ್ನು ಕ್ಯಾಬಿನ್ ಗೋಡೆಯ ಬುಡಕ್ಕೆ ತಂದು ಮತ್ತೆ ಉರುಳಿಸಿದಾಗ ನಾಲ್ಕು ಬೆರಳು ಮುಂದೆ ಬಂತು. ಬ್ಯಾಟರಿಯೂ ಈಗ ಲಿಥಿಯಂ, 12 ಕೆಜಿ. ದುಬಾರಿ, ಬೈದುಕೊಂಡೇ ತಗೊಂಡೆ. ಪೆಟ್ಟಿಗೆಯನ್ನು ಚಾಸಿಗೆ ನಾಲ್ಕು ಟರ್ನ್‌ಬಕಲ್ (ತಿರುಗಿಸಿ ಬಿಗಿಯುವ ಕೊಂಡಿ) ಹಾಕಿ ಬಿಗಿಯುತ್ತೇನೆ, ಡೆಕ್‌ನ ತಗಡಿಗಲ್ಲ. ಗಾಡಿ ಓಡುವಾಗ ಒಳಗೆ ಯಾರೂ ಕೂರುವಂತಿಲ್ಲ, ನಾಯಿ ಕೂಡ.

ಕಂಪನಿಯ ಅಳತೆಯ 110ರ ಟಯರ್ ಮತ್ತೆ ಹಾಕಿಸಿ ವೇಬ್ರಿಡ್ಜ್‌ಗೆ ಹೋದೆ. ಪೆಟ್ಟಿಗೆ 345. ನಾವೆಲ್ಲ ಕೂತು, ಎಲ್ಲ ತುಂಬಿದ ಮೇಲೆ ಒಟ್ಟು 2,630. ಮುಂದೆ 1,200, ಹಿಂದೆ 1,430. ಚಾರ್ಮಾಡಿಯನ್ನು ಮತ್ತೆ ಹತ್ತಿಳಿದೆ, ಯಾರೂ ಡಿಪ್ ಹೊಡೆಯಲಿಲ್ಲ.

ಆದರೆ ಈ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಹಿಂದಿನ ಡೋರ್ ಹಾಕಿದರೆ ಗಾಡಿಯದೇ 1,960 ಕೆಜಿ. ಡ್ರೈವರ್ 65. ಅದರ ಮೇಲೆ ಇಪ್ಪತ್ತು ಮೂಟೆ ಅಂದರೆ 3,025. ಆರು ವರ್ಷ ಮೂಗು ಎತ್ತದೆ, ಸದ್ದಿಲ್ಲದೆ ಮಿತಿ ಮೀರಿಯೇ ಓಡಿದೆ ನಮ್ಮ ಗಾಡಿ. ಈ ಕೊಯ್ಲಿನಲ್ಲಿ ಡ್ರೈವರ್‌ಗೆ ಹದಿನಾರು ಮೂಟೆ ಸಾಕು ಅಂದೆ, ಲೋಡಿಂಗ್‌ಗೆ ಇನ್ನೊಬ್ಬ ಜೊತೆಗೆ ಹೋದರೆ ಹದಿನೈದು.

"ಎಂತ ಗೌಡ್ರೆ, ಆ ಡಬ್ಬ ಮಾಡಿಸಿದ್ದಕ್ಕೆ ನಮಗೆ ಟ್ರಿಪ್ ಜಾಸ್ತಿಯಾಯ್ತಲ್ಲ" ಅಂತ ಗೊಣಗಿಕೊಂಡೇ ಕ್ಯಾಬಿನ್ ಕಡೆಯಿಂದ ಮೊದಲ ಸಾಲು ಜೋಡಿಸಲು ಶುರುಮಾಡಿದ.