ಪೇರಲ, ರಂಜಕ ಮತ್ತು ಚೀಸು: ಹಂಚಿನ ಮೇಲಿನ ಒಂದು ಸ್ಯಾಂಡ್‌ವಿಚ್

ಧಾರವಾಡದ ನಮ್ಮ ಮನೆಯಲ್ಲಿ ನಾನು ಮೊದಲ ಸಲ ಮಾಡಿದ ಚೀಸ್ ಸ್ಯಾಂಡ್‌ವಿಚ್ಚನ್ನು ಅತ್ತೆಯವರು ಅರ್ಧ ತಿಂದು ತಟ್ಟೆಯಲ್ಲಿಯೇ ಬಿಟ್ಟು, “ಚಲೋ ಅದ, ಆದ್ರ ಇದಕ್ಕ ಖಾರನೂ ಇಲ್ಲ, ಹುಳಿನೂ ಇಲ್ಲ” ಎಂದಿದ್ದರು. ಬ್ರೆಡ್ಡಿನ ನಡುವೆ ಚೀಸನ್ನಷ್ಟೇ ಇಟ್ಟು ಬೆಣ್ಣೆಯಲ್ಲಿ ಕೆಂಪಗಾಗಿಸಿದ ಆ ತಿನಿಸಿನಲ್ಲಿ ಉಪ್ಪು ಮತ್ತು ಜಿಡ್ಡನ್ನು ಬಿಟ್ಟರೆ ಬೇರೆ ರುಚಿ ಇರಲಿಲ್ಲವೆಂಬುದು ನಿಜವೇ ಆಗಿತ್ತು. ಮುಂದಿನ ವಾರ ಒಂದು ಬದಿಗೆ ಪೇರಲ ಹಣ್ಣಿನ ಜಾಮನ್ನೂ ಇನ್ನೊಂದು ಬದಿಗೆ ಕೆಂಪು ಮೆಣಸಿನಕಾಯಿಯ ರಂಜಕವನ್ನೂ ಹಚ್ಚಿದೆ. ರುಚಿ ಕೂಡಿ ಬಂತು, ಆದರೆ ಬ್ರೆಡ್ಡು ತೊಯ್ದು ಹಸಿ ಹಿಟ್ಟಿನ ಮುದ್ದೆಯಾಯಿತು. ಈ ಎರಡು ಸೋಲುಗಳ ನಡುವಿನ ದಾರಿಯನ್ನು ಕಂಡುಕೊಳ್ಳಲು ನನಗೆ ಎರಡು ಚಳಿಗಾಲಗಳು ಬೇಕಾದವು.

ದಾರಿಯನ್ನು ತೋರಿಸಿದ್ದು ಗಿರ್ಮಿಟ್. ನಮ್ಮ ಕಡೆಯ ಗಿರ್ಮಿಟ್ಟಿನಲ್ಲಿ ಉಳ್ಳಾಗಡ್ಡಿಯ ಒಗ್ಗರಣೆಯೊಡನೆ ಹುಣಸೆಹಣ್ಣು, ಬೆಲ್ಲ ಮತ್ತು ಖಾರ ಸೇರಿ ಗೊಜ್ಜಾಗುತ್ತದೆ; ಅದಕ್ಕೆ ಚುರುಮುರಿಯನ್ನು ಕಲಸಿದಾಗ ಅದು ಒಡನೆಯೇ ಮೆತ್ತಗಾಗದಿರುವುದಕ್ಕೆ ಮೇಲೆ ಉದುರಿಸುವ ಪುಠಾಣಿ (ಹುರಿಗಡಲೆ) ಹಿಟ್ಟು ಮುಖ್ಯ ಕಾರಣ. ಬೆಲ್ಲದ ಸಿಹಿಗೂ ಮೆಣಸಿನ ಖಾರಕ್ಕೂ ನಡುವೆ ಹುಳಿ ನಿಂತಿರುತ್ತದೆ, ಒದ್ದೆಗೂ ಗರಿಗೂ ನಡುವೆ ಒಣ ಹಿಟ್ಟು ನಿಂತಿರುತ್ತದೆ. ಒಂದು ಸಂಜೆ ಗಿರ್ಮಿಟ್ ಕಲಸುತ್ತಿರುವಾಗ ನನ್ನ ಸ್ಯಾಂಡ್‌ವಿಚ್ಚಿನಲ್ಲಿ ಈ ಎರಡೂ ಕಾವಲುಗಾರರು ಇಲ್ಲವೆಂಬುದು ಹೊಳೆಯಿತು. ಅಂದಿನಿಂದ ಬ್ರೆಡ್ಡಿನೊಳಗೆ ಹೋಗುವ ಪ್ರತಿಯೊಂದು ಪದಾರ್ಥದ ಬಗೆಗೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಅದರ ರುಚಿಯದ್ದಲ್ಲ, ಅದರಲ್ಲಿ ಎಷ್ಟು ನೀರಿದೆ ಎಂಬುದು.

ಪೇರಲ ಹಣ್ಣನ್ನು ಆರಿಸಿಕೊಂಡದ್ದು ಯಾವ ಪುಸ್ತಕವನ್ನೂ ಓದಿ ಅಲ್ಲ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ನವಲೂರಿನ ಪೇರಲ ಚಳಿಗಾಲದಲ್ಲಿ ಬುಟ್ಟಿಗಟ್ಟಲೆ ಬರುತ್ತದೆ. ತೋಟಗಳು ಮೊದಲಿನಷ್ಟು ಉಳಿದಿಲ್ಲವಾದರೂ ಆ ಹೆಸರು ಹೇಳಿ ಮಾರುವವರು ಇನ್ನೂ ಇದ್ದಾರೆ, ಕೊಂಡು ತಂದ ಹಣ್ಣು ಮೂರು ದಿನಕ್ಕೆ ಮೆತ್ತಗಾಗುವುದರಿಂದ ಏನಾದರೂ ಮಾಡಲೇಬೇಕಾಗುತ್ತದೆ. ಬ್ರೆಜಿಲ್ ದೇಶದಲ್ಲಿ ಪೇರಲದ ಗಟ್ಟಿ ಪಾಕವನ್ನು ಬಿಳಿ ಚೀಸಿನೊಡನೆ ತಿನ್ನುವ ರೂಢಿ ಹಳೆಯದೆಂದು ನನಗೆ ತಿಳಿದದ್ದು ಆಮೇಲೆ, ಮತ್ತು ಆ ಪಾಕವು ಚಾಕುವಿನಿಂದ ಕತ್ತರಿಸುವಷ್ಟು ಬಿಗಿಯಾಗಿರುತ್ತದೆ ಎಂಬ ಒಂದೇ ಮಾತು ನನ್ನ ಜಾಮಿನ ತಪ್ಪನ್ನು ತಿಳಿಸಿತು. ಬಾಟಲಿಯ ಜಾಮಾಗಲಿ ಮನೆಯ ಜಾಮಾಗಲಿ ಬಿಸಿಗೆ ಕರಗಿ ಹರಿಯುತ್ತದೆ. ಬರ್ಫಿಯಂತೆ ಹೆಪ್ಪುಗಟ್ಟಿದ ಪಾಕವು ಮೆತ್ತಗಾಗುತ್ತದೆಯೇ ಹೊರತು ಹರಿಯುವುದಿಲ್ಲ.

ನಾನು ಮಾಡುವ ಕ್ರಮ ಹೀಗಿದೆ. ಒಂದು ಕಿಲೋ ಹಣ್ಣನ್ನು, ಅದರಲ್ಲಿ ಮೂರೋ ನಾಲ್ಕೋ ಅರೆಗಾಯಿಗಳಿರುವಂತೆ ನೋಡಿಕೊಂಡು, ಹೆಚ್ಚಿ ಮುಳುಗುವಷ್ಟೇ ನೀರಿನಲ್ಲಿ ಬೇಯಿಸಿ, ಜರಡಿಯ ಮೇಲೆ ಉಜ್ಜಿ ಬೀಜವನ್ನು ಬೇರೆ ಮಾಡುತ್ತೇನೆ. ಅರೆಗಾಯಿಯಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥ ಹೆಚ್ಚು. ಪಾಕ ಹೆಪ್ಪುಗಟ್ಟುವುದಕ್ಕೆ ಪೆಕ್ಟಿನ್, ಸಕ್ಕರೆ ಮತ್ತು ಹುಳಿ ಮೂರೂ ಒಟ್ಟಿಗಿರಬೇಕು. ಬಂದ ತಿರುಳನ್ನು ತೂಗಿ, ಅದರ ಅರ್ಧಕ್ಕಿಂತ ತುಸು ಹೆಚ್ಚು ತೂಕದ ಸಕ್ಕರೆಯನ್ನೂ ಎರಡು ಲಿಂಬೆಹಣ್ಣಿನ ರಸವನ್ನೂ ಸೇರಿಸಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಮುಕ್ಕಾಲು ಗಂಟೆ ಕೈಯಾಡಿಸುತ್ತೇನೆ. ಕೊನೆಯ ಹತ್ತು ನಿಮಿಷ ಅದು ಸಿಡಿಯುವುದರಿಂದ ಉದ್ದ ಹಿಡಿಕೆಯ ಸೌಟು ಬೇಕು. ನನ್ನ ಮಣಿಕಟ್ಟಿನ ಮೇಲೆ ಮೊದಲ ವರ್ಷದ ಕಲೆ ಇನ್ನೂ ಇದೆ. ಸೌಟಿನಿಂದ ಗೆರೆ ಎಳೆದಾಗ ಪಾತ್ರೆಯ ತಳ ಕಂಡು, ಪಾಕ ನಿಧಾನವಾಗಿ ಮುಚ್ಚಿಕೊಂಡರೆ ಸಾಕಾಯಿತೆಂದು ಅರ್ಥ. ತುಪ್ಪ ಸವರಿದ ತಾಟಿಗೆ ತೆಳ್ಳಗೆ ಹರಡಿ, ರಾತ್ರಿಯಿಡೀ ಬಟ್ಟೆ ಮುಚ್ಚಿ ಬಿಟ್ಟರೆ ಮರುದಿನ ಅಗಲವಾದ ತುಂಡುಗಳಾಗಿ ಏಳುತ್ತದೆ. ಫ್ರಿಜ್ಜಿನಲ್ಲಿ ಅದು ಎರಡು ತಿಂಗಳು ಕೆಡದೆ ಉಳಿದದ್ದನ್ನು ನಾನು ಕಂಡಿದ್ದೇನೆ.

ರಂಜಕದ ವಿಷಯದಲ್ಲಿ ನಾನು ಹೊಸದೇನನ್ನೂ ಮಾಡಲಿಲ್ಲ. ಹಸಿ ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು, ಹುರಿದ ಮೆಂತ್ಯದ ಪುಡಿ, ಲಿಂಬೆರಸ: ಎಲ್ಲರ ಮನೆಯದೂ ಇಷ್ಟೇ. ಹಸಿ ಕಾಯಿ ಸಿಗದ ತಿಂಗಳುಗಳಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿಯ ಒಣ ಮೆಣಸಿನಕಾಯಿಯನ್ನು ನೆನೆಸಿ ರುಬ್ಬುತ್ತೇನೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಸುಕ್ಕುಗಟ್ಟಿದ ಕಾಯಿಯ ಗುಣವೇ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದಾದ್ದರಿಂದ ಸಿಹಿಯೊಡನೆ ಕೂಡಿಸಲು ಅದು ಹೇಳಿ ಮಾಡಿಸಿದಂತಿದೆ. ಗುಂಟೂರಿನ ಕಾಯಿಯನ್ನು ಹಾಕಿದರೆ ಪೇರಲದ ವಾಸನೆಯೇ ತಿಳಿಯುವುದಿಲ್ಲ. ರುಬ್ಬಿದ್ದನ್ನು ಎರಡು ಚಮಚ ಎಣ್ಣೆಯಲ್ಲಿ ಎಣ್ಣೆ ಬಿಡುವ ತನಕ ಹುರಿದು ನೀರನ್ನು ಕಳೆಯುತ್ತೇನೆ. ಹಚ್ಚುವಾಗ ಅದನ್ನು ಬ್ರೆಡ್ಡಿಗಲ್ಲ, ಚೀಸಿಗೆ ತಾಗುವಂತೆ ಇಡುತ್ತೇನೆ, ಏಕೆಂದರೆ ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ, ಹಾಲಿನ ಪ್ರೋಟೀನು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಖಾರ ನಾಲಿಗೆಗೆ ಚುಚ್ಚುವ ಬದಲು ತುತ್ತಿನಲ್ಲೆಲ್ಲ ಹರಡುತ್ತದೆ.

ಚೀಸಿನ ಬಗ್ಗೆ ನನಗಿದ್ದ ಅಹಂಕಾರವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಡಬ್ಬಿಯ ಚೀಸು ಮಕ್ಕಳ ತಿನಿಸು, ಹಳೆಯ ಚೆಡ್ಡರೇ ನಿಜವಾದ ಚೀಸು ಎಂದು ನಂಬಿ, ದುಬಾರಿ ಚೆಡ್ಡರನ್ನಷ್ಟೇ ತುರಿದು ಹಾಕಿದ ದಿನ ಮನೆಗೆ ಆರು ಜನ ಬಂದಿದ್ದರು. ಪ್ರತಿಯೊಬ್ಬರ ತಟ್ಟೆಯಲ್ಲಿಯೂ ಹಳದಿ ಎಣ್ಣೆಯ ಮಡುವೊಂದು ನಿಂತು, ಬ್ರೆಡ್ಡಿನೊಳಗೆ ರಬ್ಬರಿನಂತಹ ಮುದ್ದೆ ಉಳಿದಿತ್ತು. ಚೆಡ್ಡರಿನಂತಹ ಮಾಗಿದ ಚೀಸನ್ನು ಹೆಚ್ಚು ಕಾಯಿಸಿದರೆ ಅದರ ಪ್ರೋಟೀನಿನ ಜಾಲ ಬಿಗಿದುಕೊಂಡು ಜಿಡ್ಡನ್ನು ಹೊರಗೆ ತಳ್ಳುತ್ತದೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಅವರು ಕರಗಿಸುವಾಗ ಸೋಡಿಯಂ ಸಿಟ್ರೇಟನ್ನು ಸೇರಿಸಿ ಈ ಒಡಕನ್ನು ತಡೆದರು. ಆ ಲವಣವು ಪ್ರೋಟೀನನ್ನು ಬಿಗಿದಿಟ್ಟಿರುವ ಕ್ಯಾಲ್ಸಿಯಮ್ಮನ್ನು ಸೆಳೆದುಕೊಳ್ಳುವುದರಿಂದ ಜಿಡ್ಡೂ ನೀರೂ ಒಂದಾಗಿ ನಿಲ್ಲುತ್ತವೆ. ನಾನು ಹಗುರವಾಗಿ ಕಂಡ ಡಬ್ಬಿಯ ಸಂಸ್ಕರಿಸಿದ ಚೀಸು ಅದೇ ಉಪಾಯದ ಕೂಸು. ಈಗ ಒಂದು ಸ್ಯಾಂಡ್‌ವಿಚ್ಚಿಗೆ ನಾನು 35 ಗ್ರಾಂ ಮೊಝರೆಲ್ಲಾ, 20 ಗ್ರಾಂ ಸಂಸ್ಕರಿಸಿದ ಚೀಸು ಮತ್ತು 15 ಗ್ರಾಂ ಚೆಡ್ಡರನ್ನು ತುರಿದು ಬೆರೆಸುತ್ತೇನೆ. ಮೊದಲನೆಯದು ಎಳೆಯಾಗಿ ಬರುತ್ತದೆ, ಎರಡನೆಯದು ಉಳಿದವನ್ನು ಒಡೆಯದಂತೆ ಕೂಡಿಸಿ ಹಿಡಿಯುತ್ತದೆ, ಮೂರನೆಯದು ರುಚಿಗೆ. ಚೆಡ್ಡರು ಸಿಗದಿದ್ದರೆ ಬಿಟ್ಟರೂ ನಡೆಯುತ್ತದೆ, ಸಂಸ್ಕರಿಸಿದ ಚೀಸನ್ನು ಮಾತ್ರ ನಾನು ಬಿಡುವುದಿಲ್ಲ. ಪನೀರನ್ನು ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಹುಳಿ ಹಾಕಿ ಒಡೆದ ಹಾಲಿನ ಪನೀರು ಎಷ್ಟು ಕಾಯಿಸಿದರೂ ಕರಗುವುದಿಲ್ಲ.

ಪೇರಲ ಮತ್ತು ರಂಜಕದ ಬದಲು ಇಡುವ ಎರಡನೆಯ ಹೂರಣವೆಂದರೆ ಉಳ್ಳಾಗಡ್ಡಿ. ಅರ್ಧ ಕಿಲೋ ಉಳ್ಳಾಗಡ್ಡಿಯನ್ನು ಉದ್ದಕ್ಕೆ ತೆಳ್ಳಗೆ ಹೆಚ್ಚಿ, ಒಂದು ಚಿಟಿಕೆ ಉಪ್ಪಿನೊಡನೆ ಸಣ್ಣ ಉರಿಯ ಮೇಲೆ 45 ನಿಮಿಷ ಬಾಡಿಸಿದರೆ ಒಂದು ಹಿಡಿಯಷ್ಟಾಗುತ್ತದೆ. ಮಳೆಗಾಲದ ಬೆಳೆಯ ಹೊಸ ಗಡ್ಡಿಯಲ್ಲಿ ನೀರು ಹೆಚ್ಚಿರುವುದರಿಂದ ಇನ್ನೂ ಹತ್ತು ನಿಮಿಷ ಬೇಕಾಗುತ್ತದೆ. ಕೊನೆಗೆ ಅಡಕೆಯಷ್ಟು ಬೆಲ್ಲ, ಅದಕ್ಕಿಂತ ಕಡಿಮೆ ಹುಣಸೆರಸ, ಕುಟ್ಟಿದ ಕಾಳುಮೆಣಸು. ಇದು ಎಷ್ಟು ಒಣಗಿದರೂ ತುಸು ಜಿಗುಟಾಗಿಯೇ ಇರುವುದರಿಂದ ಬ್ರೆಡ್ಡಿಗೂ ಅದಕ್ಕೂ ನಡುವೆ ಶೇಂಗಾ ಚಟ್ನಿಪುಡಿಯನ್ನು ಉದುರಿಸುತ್ತೇನೆ. ಗಿರ್ಮಿಟ್ಟಿನಲ್ಲಿ ಪುಠಾಣಿ ಹಿಟ್ಟು ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಗುರೆಳ್ಳಿನ ಪುಡಿ ಇದ್ದರೆ ಇನ್ನೂ ಮೇಲು. ಅದರ ಸಣ್ಣ ಕಹಿಯು ಬೆಲ್ಲವನ್ನು ಹದ್ದುಬಸ್ತಿನಲ್ಲಿಡುತ್ತದೆ.

ಬ್ರೆಡ್ಡನ್ನು ಕತ್ತರಿಸದ ಇಡೀ ದಿಂಡಾಗಿ ಕೊಂಡು, ಒಂದು ದಿನ ಹಳೆಯದಾಗಲು ಬಿಟ್ಟು, ಹೆಬ್ಬೆರಳಿನ ಅರ್ಧದಷ್ಟು ದಪ್ಪಕ್ಕೆ ನಾನೇ ಕೊಯ್ದುಕೊಳ್ಳುತ್ತೇನೆ. ನಾನು ಮೊದಲು ಕೊಳ್ಳುತ್ತಿದ್ದ ಬೇಕರಿಯೊಂದರ ಹಾಲಿನ ಬ್ರೆಡ್ಡಿನಲ್ಲಿ ಸಕ್ಕರೆ ಎಷ್ಟಿರುತ್ತಿತ್ತೆಂದರೆ, ಒಳಗಿನ ಚೀಸು ಬೆಚ್ಚಗಾಗುವುದರೊಳಗೆ ಹೊರಮೈ ಕಪ್ಪಾಗುತ್ತಿತ್ತು. ಹೊರಮೈಗೆ ಹಚ್ಚಲು ಮೆತ್ತಗಿನ ಬೆಣ್ಣೆ ಮತ್ತು ತುಪ್ಪವನ್ನು ಸಮವಾಗಿ ಕಲಸಿಕೊಳ್ಳುತ್ತೇನೆ. ಅಂಗಡಿಯ ಬೆಣ್ಣೆಯಲ್ಲಿ ಜಿಡ್ಡಿನ ಪಾಲು ನೂರಕ್ಕೆ 80ರಷ್ಟಿದ್ದು ಉಳಿದದ್ದು ಬಹುಪಾಲು ನೀರು ಹಾಗೂ ಹಾಲಿನ ಅಂಶ. ಆ ಹಾಲಿನ ಅಂಶವೇ ಪರಿಮಳವನ್ನು ಕೊಡುತ್ತದೆ, ಅದೇ ಮೊದಲು ಸುಡುತ್ತದೆ. ತುಪ್ಪ ಬೆರೆತಾಗ ಸುಡುವ ವಸ್ತು ಅರ್ಧವಾಗುತ್ತದೆ, ಪರಿಮಳ ಉಳಿಯುತ್ತದೆ. ಬೆಣ್ಣೆಯನ್ನು ಹಂಚಿಗೆ ಹಾಕದೆ ಬ್ರೆಡ್ಡಿಗೆ ಅಂಚಿನವರೆಗೂ ಸವರಬೇಕು. ಹಂಚಿನ ಮೇಲೆ ಕರಗಿದ ಬೆಣ್ಣೆಯನ್ನು ಬ್ರೆಡ್ಡು ಒಂದೇ ಕಡೆ ಹೀರಿಕೊಂಡು ಚಿಬ್ಬುಚಿಬ್ಬಾಗುತ್ತದೆ.

ಜೋಡಿಸುವ ಕ್ರಮದಲ್ಲಿ ಹಟ ಬೇಕು. ಕೆಳಗಿನ ಬ್ರೆಡ್ಡಿನ ಮೇಲೆ ಅರ್ಧ ಚೀಸು, ಅದರ ಮೇಲೆ ರಂಜಕದ ತೆಳು ಲೇಪ, ಪೇರಲದ ತುಂಡು, ಮತ್ತೆ ಉಳಿದ ಚೀಸು, ಮೇಲಿನ ಬ್ರೆಡ್ಡು. ಹೂರಣವು ಎರಡೂ ಕಡೆ ಚೀಸಿನ ನಡುವೆ ಸಿಕ್ಕಿರುವುದರಿಂದ ಜಾರಿ ಹೊರಗೆ ಬರುವುದಿಲ್ಲ. ಸುತ್ತ ಒಂದು ಬೆರಳಿನ ಅಂಚನ್ನು ಖಾಲಿ ಬಿಡಬೇಕು, ಏಕೆಂದರೆ ಹಂಚಿಗೆ ತಾಗಿದ ಸಕ್ಕರೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ.

ನಮ್ಮಲ್ಲಿ ದೋಸೆಗೆ ಬಳಸುವ ಬೀಡಿನ ಹಂಚೇ ಇದಕ್ಕೂ. ಅದನ್ನು ನಡು ಉರಿಯಲ್ಲಿ ಐದು ನಿಮಿಷ ಕಾಯಿಸಿ, ಬ್ರೆಡ್ಡನ್ನು ಇಡುವ ಹೊತ್ತಿಗೆ ಉರಿಯನ್ನು ಪೂರ್ತಿ ಇಳಿಸುತ್ತೇನೆ. ಬ್ರೆಡ್ಡಿನ ಮೈಯಲ್ಲಿ ನೀರಿರುವ ತನಕ ಅದರ ಬಿಸಿ 100 ಡಿಗ್ರಿಯ ಆಚೀಚೆ ನಿಂತಿರುತ್ತದೆ. ಕೆಂಬಣ್ಣವೂ ಕಮ್ಮನೆಯ ವಾಸನೆಯೂ ವೇಗವಾಗಿ ಹುಟ್ಟುವುದು 140 ಡಿಗ್ರಿಯ ಸುಮಾರಿಗೆ. ಆ ಹೊತ್ತಿಗೆ ಚೀಸಿನ ನಡುಭಾಗವೂ ಕರಗಿರಬೇಕೆಂದರೆ ಅವಸರ ಮಾಡುವಂತಿಲ್ಲ. ಮೊದಲ ಬದಿಗೆ ಐದು ನಿಮಿಷ, ಅದರಲ್ಲಿ ಮೊದಲ ಎರಡು ನಿಮಿಷ ಮುಚ್ಚಳ ಮುಚ್ಚಿ, ಆಮೇಲೆ ಉಗಿ ಹೋಗಲೆಂದು ತೆಗೆದು. ಎರಡನೆಯ ಬದಿಗೆ ಮೂರು ನಿಮಿಷ. ಚಪ್ಪಟೆ ಸೌಟಿನಿಂದ ಒಮ್ಮೆ ಮೆಲ್ಲಗೆ ಒತ್ತಿದರೆ ಸಾಕು. ಎರಡು ಬದಿಯಿಂದ ಬಿಗಿದು ಒತ್ತುವ ವಿದ್ಯುತ್ ಟೋಸ್ಟರನ್ನು ಈ ಕೆಲಸದಿಂದ ನಿವೃತ್ತಗೊಳಿಸಿದ್ದೇನೆ. ಅದು ಆಲೂಗಡ್ಡೆಯ ಪಲ್ಯದ ಸ್ಯಾಂಡ್‌ವಿಚ್ಚಿಗೆ ಒಳ್ಳೆಯದು, ಇದಕ್ಕಲ್ಲ. ಇಳಿಸಿದ್ದನ್ನು ತಟ್ಟೆಯ ಮೇಲಿಟ್ಟರೆ ಅದರ ಉಗಿಯಿಂದ ಅದೇ ತೊಯ್ಯುತ್ತದೆಯಾದ್ದರಿಂದ ತಂತಿಯ ಜಾಳಿಗೆಯ ಮೇಲೆ ಎರಡು ನಿಮಿಷ ನಿಲ್ಲಿಸಿ, ನಂತರ ಹಲ್ಲಿನ ಚಾಕುವಿನಿಂದ ಕೊಯ್ಯುತ್ತೇನೆ.

ಎಲ್ಲ ಪ್ರಯೋಗಗಳೂ ಗೆದ್ದವೆಂದಲ್ಲ. ಧಾರವಾಡದಲ್ಲಿದ್ದು ಪೇಢೆಯನ್ನು ಬಿಡುವುದು ಹೇಗೆಂದು ಅದನ್ನು ಪುಡಿ ಮಾಡಿ ಚೀಸಿನೊಡನೆ ಹಾಕಿದ್ದೆ. ಪೇಢೆಯಲ್ಲಿರುವುದು ಈಗಾಗಲೇ ಕೆಂಪಗೆ ಹುರಿದ ಹಾಲು ಮತ್ತು ಸಕ್ಕರೆ, ಹುಳಿಯಿಲ್ಲ, ಕಹಿಯಿಲ್ಲ. ಚೀಸೂ ಹಾಲೇ ಆದ್ದರಿಂದ ಎರಡೂ ಒಂದೇ ಮಾತನ್ನು ಜೋರಾಗಿ ಹೇಳಿದಂತಾಯಿತು, ಹೊರಗೆ ಉದುರಿದ ಪುಡಿ ಹಂಚಿಗಂಟಿ ಸುಟ್ಟಿತು. ಅತ್ತೆಯವರು ಆ ದಿನ ಪೇಢೆಯನ್ನು ಹಾಳು ಮಾಡಿದ್ದಕ್ಕೆ ಬೇಸರಪಟ್ಟರೇ ಹೊರತು ಸ್ಯಾಂಡ್‌ವಿಚ್ಚಿಗಲ್ಲ. ಪೇರಲ ಮತ್ತು ರಂಜಕದ್ದನ್ನು ಮಾತ್ರ ಅವರು ಈಗ ಪೂರ್ತಿ ತಿನ್ನುತ್ತಾರೆ, ಅಂಚಿನ ಗರಿಯನ್ನು ಕೊನೆಗೆಂದು ಉಳಿಸಿಕೊಂಡು.

ಬೇಸಿಗೆಯಲ್ಲಿ ಪೇರಲವಿರುವುದಿಲ್ಲ. ಕೆಲಗೇರಿ, ಕಲಘಟಗಿ ಕಡೆಯ ಆಪೂಸು ಬಂದಾಗ ಹಸಿ ಹೋಳುಗಳನ್ನಿಟ್ಟು ನೋಡಿದೆ, ಮತ್ತೆ ಅದೇ ತೊಯ್ದ ಬ್ರೆಡ್ಡು. ಕಳೆದ ಮೇ ತಿಂಗಳಲ್ಲಿ ರಸವನ್ನು ತಾಟಿಗೆ ಹೊಯ್ದು, ಮಾಳಿಗೆಯ ಬಿಸಿಲಿನಲ್ಲಿ ಪದರದ ಮೇಲೆ ಪದರವಾಗಿ ನಾಲ್ಕು ದಿನ ಒಣಗಿಸಿ ಮಾಡಿದ ಮಾಂಬಳ ಮಾತ್ರ ಕೈ ಕೊಡಲಿಲ್ಲ. ಆಪೂಸಿನಲ್ಲಿ ಹುಳಿ ಕಡಿಮೆಯಾದ್ದರಿಂದ ಈ ವರ್ಷ ರಸಕ್ಕೆ ಎರಡು ಚಮಚ ಲಿಂಬೆರಸವನ್ನು ಸೇರಿಸಿಯೇ ಒಣಗಿಸಬೇಕೆಂದು ಡಬ್ಬಿಯ ಮುಚ್ಚಳದ ಮೇಲೆ ಬರೆದಿಟ್ಟಿದ್ದೇನೆ.